ಕಲ್ಪಿತ ಯಂತ್ರ ಮತ್ತು ಕಚೇರಿಯ ಕಾರ್ಯ: ಒಂದು ಚಾರಿತ್ರಿಕ ವಿವೇಚನೆ

ಕಚೇರಿಯ ಇತಿಹಾಸಕ್ಕೆ ನಮ್ಮ ಇತಿಹಾಸಗ್ರಂಥಗಳಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದು. ಯುದ್ಧಗಳನ್ನೂ ಸಂಧಿಗಳನ್ನೂ ವಿಸ್ತಾರವಾಗಿ ಬರೆದವರು ಆ ಸಂಧಿಪತ್ರದ ನಕಲು ತೆಗೆದ ಗುಮಾಸ್ತನನ್ನು ಕುರಿತು ಬರೆದುದು ಕಡಮೆ. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಮನುಷ್ಯನ ದುಡಿಮೆಯ ರೀತಿಯು ಎಲ್ಲಿ ಅತ್ಯಂತ ಹೆಚ್ಚಾಗಿ ಮಾರ್ಪಟ್ಟಿತೆಂದು ಕೇಳಿದರೆ, ಗುಮಾಸ್ತನ ಮೇಜನ್ನು ತೋರಿಸದೆ ವಿಧಿಯಿಲ್ಲ. ಈ ಮಾರ್ಪಾಟಿನ ಒಂದು ಮುಖವನ್ನು, ಎಂದರೆ ವ್ಯಾಪಾರಸಂಸ್ಥೆಗಳ ದೈನಂದಿನ ಕಾರ್ಯಗಳನ್ನು ಯಂತ್ರಕ್ಕೆ ವಹಿಸುವ ಪದ್ಧತಿಯು 'ವರ್ಚುವಲ್ ಮೆಷೀನ್' ಎಂಬ ಉಪಾಯವನ್ನು ಆಶ್ರಯಿಸಿ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ. ವರ್ಚುವಲ್ ಮೆಷೀನ್ ಎಂಬುದನ್ನು ಮುಂದೆ 'ಕಲ್ಪಿತ ಯಂತ್ರ' ಎಂದು ಕರೆಯುತ್ತೇವೆ.

ಈ ಎರಡೂ ಬೇರೆ ಬೇರೆ ಕಾರಣಗಳಿಂದ, ಬೇರೆ ಬೇರೆ ಜನರಿಂದ ಹುಟ್ಟಿದವು. ಒಂದು ಹುಟ್ಟಿದುದು ಲೆಕ್ಕದ ಮನೆಯಲ್ಲಿ. ಮತ್ತೊಂದು ಸಂಶೋಧಕರ ಪ್ರಯೋಗಶಾಲೆಯಲ್ಲಿ. ಅವು ಕೂಡಿದುದು ಬಹುಕಾಲದ ತರುವಾಯ. ಕೂಡಿದ ಮೇಲೆ ಉಂಟಾದ ಫಲವೇನು, ಅದರಿಂದ ಯಾವ ಪ್ರಶ್ನೆಗಳು ಎದ್ದಿವೆ ಎಂಬುದು ನಮ್ಮ ವಿಚಾರದ ಮುಖ್ಯಾಂಶ.

೧. ಚಹದಂಗಡಿಯ ಲೆಕ್ಕ

ಕಚೇರಿಯ ಕೆಲಸಕ್ಕೆ ವಿದ್ಯುನ್ಮಾನ ಗಣಕಯಂತ್ರವನ್ನು ಮೊದಲು ಹೂಡಿದವರು ಬ್ಯಾಂಕಿನವರಲ್ಲ, ಸರ್ಕಾರದವರೂ ಅಲ್ಲ; ಇಂಗ್ಲೆಂಡಿನಲ್ಲಿ ಚಹದಂಗಡಿಗಳನ್ನೂ ಬ್ರೆಡ್ಡು ಕೇಕುಗಳ ತಯಾರಿಕೆಯನ್ನೂ ನಡೆಸುತ್ತಿದ್ದ ಜೆ. ಲಯನ್ಸ್ ಎಂಬ ಸಂಸ್ಥೆಯವರು. ೧೯೪೭ರಲ್ಲಿ ಈ ಸಂಸ್ಥೆಯ ಟಿ. ಆರ್. ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಎಂಬ ಇಬ್ಬರು ಅಧಿಕಾರಿಗಳು ಕಚೇರಿಯ ಹೊಸ ಪದ್ಧತಿಗಳನ್ನು ಕಂಡುಬರಲು ಅಮೆರಿಕಕ್ಕೆ ಹೋದರು. ಪ್ರಿನ್ಸ್‌ಟನ್ನಿನಲ್ಲಿ ಅವರಿಗೆ ಭೇಟಿಯಾದ ಹರ್ಮನ್ ಗೋಲ್ಡ್‌ಸ್ಟೈನ್ ಅವರು, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೇ ಮಾರಿಸ್ ವಿಲ್ಕ್ಸ್ ಎಂಬವರು ಇಂತಹ ಯಂತ್ರವನ್ನು ಕಟ್ಟುತ್ತಿದ್ದಾರೆಂದು ತಿಳಿಸಿದರು. ಮನೆಯ ಹಿತ್ತಿಲಿನ ಮದ್ದನ್ನು ಅರಿಯಲು ಸಮುದ್ರ ದಾಟಬೇಕಾದ ಪ್ರಸಂಗವಿದು. ಲಯನ್ಸ್ ಸಂಸ್ಥೆಯು ವಿಲ್ಕ್ಸ್ ಅವರ ಕಾರ್ಯಕ್ಕೆ ೩,೦೦೦ ಪೌಂಡುಗಳನ್ನು ನೀಡಿತು. ೧೯೪೯ರ ಮೇ ತಿಂಗಳಲ್ಲಿ ಅವರ 'ಎಡ್ಸಾಕ್' ಯಂತ್ರವು ನಡೆಯತೊಡಗಿದ ಬಳಿಕ, ಅದೇ ಮಾದರಿಯಲ್ಲಿ ಜಾನ್ ಪಿಂಕರ್ಟನ್ ಎಂಬ ಇಂಜಿನಿಯರರ ನೇತೃತ್ವದಲ್ಲಿ ಸಂಸ್ಥೆಯು ತನ್ನದೇ ಯಂತ್ರವನ್ನು ಕಟ್ಟಿಸಿತು. ಅದೇ 'ಲಿಯೋ'.

೧೯೫೧ರ ನವೆಂಬರಿನಲ್ಲಿ ಲಿಯೋ ಯಂತ್ರವು ಬೇಕರಿಯ ಉತ್ಪನ್ನಗಳ ಮೌಲ್ಯವನ್ನು ಲೆಕ್ಕ ಹಾಕುವ ಕೆಲಸವನ್ನು ಕೈಗೊಂಡಿತು. ೧೯೫೪ರಲ್ಲಿ ನೌಕರರ ಸಂಬಳದ ಪಟ್ಟಿಯು ಅದರ ಪಾಲಿಗೆ ಬಂದಿತು. ನುರಿತ ಗುಮಾಸ್ತನಿಗೆ ಒಬ್ಬ ನೌಕರನ ಸಂಬಳವನ್ನು ಲೆಕ್ಕ ಮಾಡಲು ೮ ನಿಮಿಷ ಹಿಡಿಯುತ್ತಿತ್ತು. ಲಿಯೋ ಅದನ್ನು ಒಂದೂವರೆ ಸೆಕೆಂಡಿನಲ್ಲಿ ಮಾಡಿತು. ಅದೇ ವರ್ಷ ಚಹದಂಗಡಿಗಳಿಗೆ ಸಾಮಾನು ಸರಬರಾಜು ಮಾಡುವ ಕ್ರಮವೂ ಯಂತ್ರಕ್ಕೆ ಒಪ್ಪಿತವಾಯಿತು. ಪ್ರತಿಯೊಂದು ಅಂಗಡಿಗೂ ದಿನದ ಬೇಡಿಕೆಯೆಂದು ಒಂದು ನಿಶ್ಚಿತ ಪಟ್ಟಿಯಿರುತ್ತಿತ್ತು. ಅಂಗಡಿಯ ವ್ಯವಸ್ಥಾಪಕಿಯು ದೂರವಾಣಿಯಲ್ಲಿ ಆ ಪಟ್ಟಿಗಿಂತ ಭಿನ್ನವಾದುದನ್ನು ಮಾತ್ರ ತಿಳಿಸಿದರೆ ಸಾಕು. ಅದನ್ನು ರಂಧ್ರಪತ್ರಕ್ಕೆ ಇಳಿಸಿ ಯಂತ್ರಕ್ಕೆ ಊಡುತ್ತಿದ್ದರು. ಉಳಿದುದನ್ನೆಲ್ಲ ಯಂತ್ರವೇ ನೋಡಿಕೊಳ್ಳುತ್ತಿತ್ತು. ಎಲ್ಲವನ್ನೂ ಹೊಸದಾಗಿ ಬರೆಯದೆ ವ್ಯತ್ಯಾಸವನ್ನು ಮಾತ್ರ ದಾಖಲಿಸುವ ಈ ಕ್ರಮವು ಇಂದಿಗೂ ಕಾರ್ಯಸ್ವಯಂಚಾಲನೆಯ ಮೂಲಸೂತ್ರಗಳಲ್ಲಿ ಒಂದು.

ಇಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದವರು ಡೇವಿಡ್ ಕೇಮಿನರ್ ಎಂಬವರು. ಗಣಕಕ್ಕೆ ಆದೇಶಗಳನ್ನು ಬರೆಯುವ ಮೊದಲು ಕಚೇರಿಯ ಕಾರ್ಯವನ್ನು ಆಮೂಲಾಗ್ರವಾಗಿ ಪರೀಕ್ಷಿಸಬೇಕೆಂಬುದು ಅವರ ನಿಲುವು. ಆ ಕಾಗದ ಏಕೆ ಬರುತ್ತದೆ, ಯಾರ ಕೈಗೆ ಹೋಗುತ್ತದೆ, ತಪ್ಪಾದರೆ ಯಾರು ಹಿಡಿಯುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಮುಂದಿನ ಹೆಜ್ಜೆ. ಈ ಕೊನೆಯ ಪ್ರಶ್ನೆಗೆ ನಾವು ಮತ್ತೆ ಬರುವೆವು.

೨. ಮತ್ತೊಂದು ಕೇಂಬ್ರಿಜ್

ಕಲ್ಪಿತ ಯಂತ್ರದ ಕಥೆ ನಡೆದುದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜಿನಲ್ಲಿ. ೧೯೫೦-೬೦ರ ದಶಕಗಳಲ್ಲಿ ಗಣಕಯಂತ್ರವು ಬಹು ದುಬಾರಿಯಾದ ವಸ್ತು. ಅದನ್ನು ಒಬ್ಬನ ಉಪಯೋಗಕ್ಕೆ ಬಿಟ್ಟುಕೊಟ್ಟರೆ, ಅವನು ಯೋಚಿಸುತ್ತ ಕುಳಿತಷ್ಟು ಹೊತ್ತೂ ಯಂತ್ರವು ವ್ಯರ್ಥವಾಗಿ ನಿಲ್ಲುತ್ತಿತ್ತು. ಆದುದರಿಂದ ಯಂತ್ರದ ಕಾಲವನ್ನು ಸೂಕ್ಷ್ಮವಾದ ತುಣುಕುಗಳಾಗಿ ಕತ್ತರಿಸಿ ಅನೇಕರಿಗೆ ಹಂಚುವ ಆಲೋಚನೆ ಹುಟ್ಟಿತು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡವು ೧೯೬೧ರಲ್ಲಿಯೇ ಇಂತಹ ಕಾಲಹಂಚಿಕೆಯನ್ನು ಪ್ರದರ್ಶಿಸಿತ್ತು.

೧೯೬೪ರ ಏಪ್ರಿಲ್ ೭ರಂದು ಐಬಿಎಂ ಸಂಸ್ಥೆಯು ತನ್ನ 'ಸಿಸ್ಟಂ/೩೬೦' ಯಂತ್ರಮಾಲೆಯನ್ನು ಪ್ರಕಟಿಸಿತು. ಆದರೆ ಕಾಲಹಂಚಿಕೆಗೆ ಅದು ತಕ್ಕುದಲ್ಲವೆಂದು ಭಾವಿಸಿ ಮ್ಯಾಸಚೂಸೆಟ್ಸ್ ಸಂಸ್ಥೆಯವರು ತಮ್ಮ ಮುಂದಿನ ದೊಡ್ಡ ಯೋಜನೆಗೆ ಜನರಲ್ ಎಲೆಕ್ಟ್ರಿಕ್ ಯಂತ್ರವನ್ನು ಆರಿಸಿಕೊಂಡರು. ಈ ಹಿನ್ನಡೆಗೆ ಪ್ರತಿಯಾಗಿ ಐಬಿಎಂ ಕೈಗೊಂಡ ಅಧಿಕೃತ ಕಾಲಹಂಚಿಕೆಯ ಯೋಜನೆಯು ಬಹು ದೊಡ್ಡದಾಗಿ ಬೆಳೆದು ವಿಳಂಬಕ್ಕೆ ಸಿಕ್ಕಿತು. ಅದೇ ಸಮಯದಲ್ಲಿ ಸಂಸ್ಥೆಯ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮೊದಲಾದ ಕೆಲವೇ ಮಂದಿ ಬೇರೊಂದು ದಾರಿ ಹಿಡಿದರು. ಒಂದೇ ವ್ಯವಸ್ಥೆಯು ಎಲ್ಲರ ಬೇಡಿಕೆಗಳನ್ನೂ ಹೊತ್ತು ನಡೆಯಬೇಕೆಂದರೆ ಅದು ಜಟಿಲವಾಗುವುದು ಅನಿವಾರ್ಯ. ಅದರ ಬದಲು ಪ್ರತಿಯೊಬ್ಬನಿಗೂ ಒಂದು ಇಡೀ ಯಂತ್ರವೇ ದೊರೆತಂತೆ ತೋರಿಸಿಬಿಟ್ಟರೆ, ಅವನು ತನ್ನ ಯಂತ್ರದಲ್ಲಿ ಒಬ್ಬನಿಗೆ ಸಾಕಾಗುವ ಸರಳ ವ್ಯವಸ್ಥೆಯನ್ನು ನಡೆಸಿಕೊಳ್ಳಬಹುದು. ಹಂಚುವ ಕೆಲಸವನ್ನು ಕೆಳಗಿರುವ ಚಿಕ್ಕ ನಿಯಂತ್ರಣಕ್ರಮವು ನೋಡಿಕೊಂಡರೆ ಸಾಕು.

ಇದು ಸಾಧ್ಯವಾದ ಬಗೆಯನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಸಿಸ್ಟಂ/೩೬೦ ಯಂತ್ರಕ್ಕೆ ಎರಡು ಅವಸ್ಥೆಗಳುಂಟು: ಒಂದು ಅಧಿಕಾರಾವಸ್ಥೆ, ಇನ್ನೊಂದು ಸಾಮಾನ್ಯಾವಸ್ಥೆ. ಯಂತ್ರದ ಸಂಪನ್ಮೂಲಗಳನ್ನು ಮುಟ್ಟುವ ಆದೇಶಗಳು ಮೊದಲನೆಯದರಲ್ಲಿ ಮಾತ್ರ ನಡೆಯುವುವು. ಕಲ್ಪಿತ ಯಂತ್ರದೊಳಗಿನ ವ್ಯವಸ್ಥೆಯು ತಾನು ಅಧಿಕಾರಾವಸ್ಥೆಯಲ್ಲಿ ಇದ್ದೇನೆಂದು ನಂಬಿ ಅಂತಹ ಆದೇಶವನ್ನು ಕೊಟ್ಟೊಡನೆ ನಿಜವಾದ ಯಂತ್ರವು ತಡೆದು ನಿಯಂತ್ರಣಕ್ರಮಕ್ಕೆ ದೂರು ಒಯ್ಯುತ್ತದೆ. ಅದು ಆ ಆದೇಶದ ಫಲವನ್ನು ಅನುಕರಿಸಿ ಹಿಂದಿರುಗಿಸುತ್ತದೆ. ಒಳಗಿನ ವ್ಯವಸ್ಥೆಗೆ ಈ ಮಧ್ಯಸ್ಥಿಕೆಯ ಅರಿವೇ ಇರುವುದಿಲ್ಲ. ಹಗ್ಗದಲ್ಲಿ ಹಾವನ್ನು ಕಂಡವನ ಎದುರಿಗೆ ದೀಪ ತಂದರೆ ಹಾವು ಇಲ್ಲವಾಗುವುದೆಂದು ವೇದಾಂತಿಗಳು ಹೇಳುವರು. ಕಲ್ಪಿತ ಯಂತ್ರವಾದರೋ ತನ್ನ ನಿಜಸ್ವರೂಪವನ್ನು ಪೂರ್ತಿಯಾಗಿ ಬಲ್ಲವನಿಗೂ ಕೆಲಸ ಮಾಡಿಕೊಡುವ ಭ್ರಾಂತಿ.

'ಸಿಪಿ-೪೦' ಎಂಬ ಈ ಪ್ರಥಮ ಪ್ರಯತ್ನವು ೧೯೬೭ರ ಆರಂಭದಲ್ಲಿ ಉಪಯೋಗಕ್ಕೆ ಬಂದಿತು. ಮಾರ್ಪಡಿಸಿದ ಒಂದೇ ಯಂತ್ರದಲ್ಲಿ ಅದು ೧೪ ಕಲ್ಪಿತ ಯಂತ್ರಗಳನ್ನು ನಡೆಸಬಲ್ಲುದಾಗಿತ್ತು. ಅದೇ ವರ್ಷ ಅದರ ಉತ್ತರಾಧಿಕಾರಿಯಾದ 'ಸಿಪಿ-೬೭' ಲಿಂಕನ್ ಪ್ರಯೋಗಾಲಯವನ್ನು ಸೇರಿತು. ಈ ಅನುಭವದ ಫಲವಾಗಿ ೧೯೭೨ರ ಆಗಸ್ಟ್ ೨ರಂದು ಐಬಿಎಂ ಸಂಸ್ಥೆಯು 'ವಿಎಂ/೩೭೦' ಎಂಬುದನ್ನು ತನ್ನ ಅಧಿಕೃತ ಉತ್ಪನ್ನವಾಗಿ ಪ್ರಕಟಿಸಿತು. ವ್ಯಾಪಾರಸಂಸ್ಥೆಗಳಿಗೆ ಇದರಿಂದಾದ ಪ್ರಯೋಜನ ದೊಡ್ಡದು. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವಾಗ ಸಂಬಳದ ಪಟ್ಟಿಯನ್ನು ಒಂದು ದಿನವೂ ನಿಲ್ಲಿಸುವಂತಿಲ್ಲವಷ್ಟೆ. ಈಗ ಎರಡನ್ನೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕ ನಡೆಸಿ, ಫಲಗಳನ್ನು ತಾಳೆ ನೋಡಿ, ಬಳಿಕ ಹಳೆಯದನ್ನು ಕೈಬಿಡಲು ಅನುಕೂಲವಾಯಿತು.

೩. ಮರೆವು ಮತ್ತು ಪುನರುತ್ಥಾನ

೧೯೭೪ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಈ ವಿಷಯಕ್ಕೆ ಶಾಸ್ತ್ರೀಯ ಲಕ್ಷಣವನ್ನು ರಚಿಸಿದರು. ಅವರ ಪ್ರಕಾರ ಕಲ್ಪಿತ ಯಂತ್ರವನ್ನು ನಡೆಸುವ ನಿಯಂತ್ರಣಕ್ರಮಕ್ಕೆ ಮೂರು ಗುಣಗಳಿರಬೇಕು. ಕಲ್ಪಿತ ಯಂತ್ರದಲ್ಲಿ ನಡೆದುದು ನಿಜವಾದ ಯಂತ್ರದಲ್ಲಿ ನಡೆದುದಕ್ಕೆ ಸಮಾನವಾಗಿರಬೇಕು. ಬಹುಪಾಲು ಆದೇಶಗಳು ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ನಡೆಯಬೇಕು. ಸಂಪನ್ಮೂಲಗಳ ಮೇಲಿನ ಒಡೆತನವು ನಿಯಂತ್ರಣಕ್ರಮದ ಕೈಯಲ್ಲಿಯೇ ಉಳಿಯಬೇಕು.

ಶಾಸ್ತ್ರವು ಸಿದ್ಧವಾದ ಕಾಲಕ್ಕೆ ಪ್ರಪಂಚವು ಬೇರೆಡೆಗೆ ತಿರುಗುತ್ತಿತ್ತು. ಯಂತ್ರಗಳು ಅಗ್ಗವಾದವು; ೧೯೮೦ರ ದಶಕದಲ್ಲಿ ಪ್ರತಿಯೊಂದು ಮೇಜಿನ ಮೇಲೂ ಒಂದು ಗಣಕವನ್ನಿಡುವ ರೂಢಿ ಬಂದಿತು. ನಿಜವಾದ ಯಂತ್ರವೇ ಸುಲಭವಾಗಿ ದೊರೆಯುವಾಗ ಕಲ್ಪಿತ ಯಂತ್ರವು ಯಾರಿಗೆ ಬೇಕು? ಅಲ್ಲದೆ, ಈ ಮೇಜಿನ ಗಣಕಗಳಲ್ಲಿ ಬಳಕೆಯಾದ ಇಂಟೆಲ್ ಮಾದರಿಯ ರಚನೆಯು ಪೊಪೆಕ್-ಗೋಲ್ಡ್‌ಬರ್ಗ್ ಲಕ್ಷಣಕ್ಕೆ ಹೊಂದುತ್ತಿರಲಿಲ್ಲ. ತಡೆಯಬೇಕಾದೆಡೆಯಲ್ಲಿ ತಡೆಯದೆ ಮೌನವಾಗಿ ಬೇರೆ ಫಲವನ್ನು ಕೊಡುವ ೧೭ ಆದೇಶಗಳು ಪೆಂಟಿಯಂ ಯಂತ್ರದಲ್ಲಿವೆಯೆಂದು ೨೦೦೦ದಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಎಣಿಸಿ ತೋರಿಸಿತು.

ಆದರೆ ಅಗ್ಗದ ಯಂತ್ರಗಳೇ ಕಲ್ಪಿತ ಯಂತ್ರವನ್ನು ಮತ್ತೆ ಕರೆತಂದವು. ಒಂದು ಕಾರ್ಯಕ್ಕೆ ಒಂದು ಸರ್ವರ್ ಎಂಬಂತೆ ಸಂಸ್ಥೆಗಳು ಕೊಂಡು ಕೂಡಿಹಾಕಿದ ಯಂತ್ರಗಳು ತಮ್ಮ ಶಕ್ತಿಯ ಅಲ್ಪಾಂಶವನ್ನು ಮಾತ್ರ ಬಳಸಿ, ಉಳಿದಂತೆ ವಿದ್ಯುಚ್ಛಕ್ತಿಯನ್ನೂ ಸ್ಥಳವನ್ನೂ ನುಂಗುತ್ತಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 'ಡಿಸ್ಕೊ' ಎಂಬ ಪ್ರಯೋಗವನ್ನು ನಡೆಸಿದ್ದ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಸಂಗಡಿಗರು ಡಯೇನ್ ಗ್ರೀನ್ ಅವರೊಡಗೂಡಿ ೧೯೯೮ರಲ್ಲಿ 'ವಿಎಂವೇರ್' ಸಂಸ್ಥೆಯನ್ನು ಸ್ಥಾಪಿಸಿದರು. ತೊಡಕಿನ ಆದೇಶಗಳನ್ನು ನಡೆಯುವ ಮುನ್ನವೇ ಗುರುತಿಸಿ ಬೇರೆ ಆದೇಶಗಳಾಗಿ ಮಾರ್ಪಡಿಸುವುದು ಅವರ ಉಪಾಯ. ೧೯೯೯ರಲ್ಲಿ ಮೇಜಿನ ಗಣಕಕ್ಕೂ ೨೦೦೧ರಲ್ಲಿ ಸರ್ವರುಗಳಿಗೂ ಅವರ ಉತ್ಪನ್ನಗಳು ಬಂದವು. ೨೦೦೩ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಿಂದ 'ಜೆನ್' ಎಂಬುದು ಹೊರಬಿತ್ತು. ಲಿಯೋ ಯಂತ್ರಕ್ಕೆ ಮಾದರಿಯನ್ನು ಕೊಟ್ಟ ವಿಶ್ವವಿದ್ಯಾಲಯವೇ ಅರ್ಧಶತಮಾನದ ಬಳಿಕ ಕಲ್ಪಿತ ಯಂತ್ರಕ್ಕೂ ನೆಲೆಯಾದುದು ಗಮನಾರ್ಹ. ೨೦೦೫-೦೬ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಯಂತ್ರದ ರಚನೆಯಲ್ಲಿಯೇ ಈ ಕಾರ್ಯಕ್ಕೆ ಬೆಂಬಲವನ್ನೊದಗಿಸಿದವು. ೨೦೦೬ರ ಆಗಸ್ಟಿನಲ್ಲಿ ಅಮೆಜಾನ್ ಸಂಸ್ಥೆಯು ಜೆನ್ ಆಧಾರದ ಮೇಲೆ ಕಲ್ಪಿತ ಯಂತ್ರಗಳನ್ನು ಗಂಟೆಯ ಬಾಡಿಗೆಗೆ ಕೊಡಲಾರಂಭಿಸಿತು.

ಯಂತ್ರವು ಈಗ ಒಂದು ಕಡತವಾಯಿತೆಂದರೆ ತಪ್ಪಾಗಲಾರದು. ಕಡತವನ್ನು ನಕಲು ಮಾಡಬಹುದು, ಹಿಂದಿನ ಸ್ಥಿತಿಯಲ್ಲಿ ಕಾದಿಡಬಹುದು, ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದು, ಬೇಡವಾದಾಗ ಅಳಿಸಬಹುದು. ಇವೆಲ್ಲವೂ ಯಂತ್ರಕ್ಕೂ ಸಲ್ಲತೊಡಗಿದವು.

೪. ಯಂತ್ರದ ಮುಂದೆ ಕುಳಿತ ಯಂತ್ರ

ಇತ್ತ ಕಚೇರಿಯಲ್ಲಿ ಲಿಯೋ ಕಾಲದಿಂದ ಬೆಳೆದು ಬಂದ ವ್ಯವಸ್ಥೆಗಳು ಒಂದರ ಮೇಲೊಂದು ಪದರಗಳಾಗಿ ಕೂಡಿಕೊಂಡಿದ್ದವು. ಗಿರಾಕಿಯ ವಿಳಾಸ ಒಂದು ವ್ಯವಸ್ಥೆಯಲ್ಲಿ, ಬಿಲ್ಲು ಇನ್ನೊಂದರಲ್ಲಿ, ದೂರು ಮತ್ತೊಂದರಲ್ಲಿ. ಇವು ಒಂದರೊಡನೊಂದು ಮಾತಾಡಲಾರವು. ಇವುಗಳ ನಡುವೆ ಸೇತುವೆಯಾದವನು ಗುಮಾಸ್ತ: ಒಂದು ಪರದೆಯನ್ನು ನೋಡಿ ಇನ್ನೊಂದು ಪರದೆಯಲ್ಲಿ ಬೆರಳಚ್ಚು ಮಾಡುವುದೇ ಅವನ ದಿನದ ಬಹುಪಾಲು ಕೆಲಸವಾಯಿತು. ಯಂತ್ರವು ಗುಮಾಸ್ತನ ಲೆಕ್ಕವನ್ನು ತೆಗೆದುಕೊಂಡಿತು. ಯಂತ್ರಗಳ ನಡುವಿನ ನಕಲನ್ನು ಅವನಿಗೆ ಬಿಟ್ಟಿತು.

ಈ ಉಳಿಕೆಯನ್ನೂ ತೆಗೆಯಲು ಹೊರಟದ್ದೇ 'ರೋಬಾಟಿಕ್ ಪ್ರೋಸೆಸ್ ಆಟೊಮೇಷನ್' ಎಂದು ಹೆಸರಾದ ಪದ್ಧತಿ. ಇಂಗ್ಲೆಂಡಿನಲ್ಲಿ ೨೦೦೧ರಲ್ಲಿ ಸ್ಥಾಪಿತವಾದ ಬ್ಲೂ ಪ್ರಿಸಂ, ರುಮಾನಿಯದ ಬುಕಾರೆಸ್ಟಿನಲ್ಲಿ ೨೦೦೫ರಲ್ಲಿ ಹುಟ್ಟಿದ ಯುಐಪಾತ್ ಮೊದಲಾದ ಸಂಸ್ಥೆಗಳು ಇದನ್ನು ಬೆಳೆಸಿದವು. ಇಲ್ಲಿ ರೋಬಾಟು ಎಂದರೆ ಕೈಕಾಲುಗಳುಳ್ಳ ಬೊಂಬೆಯಲ್ಲ. ಗುಮಾಸ್ತನ ಹಾಗೆಯೇ ಒಂದು ಹೆಸರು, ಒಂದು ಗುಪ್ತಪದಗಳೊಡನೆ ಒಳಹೊಕ್ಕು, ಅದೇ ಪರದೆಗಳನ್ನು ತೆರೆದು, ಅದೇ ಗುಂಡಿಗಳನ್ನು ಒತ್ತುವ ಆದೇಶಸಮೂಹ. ಹಳೆಯ ವ್ಯವಸ್ಥೆಗಳನ್ನು ಬಿಚ್ಚಿ ಕಟ್ಟುವ ಅವಶ್ಯಕತೆಯಿಲ್ಲದುದೇ ಇದರ ಆಕರ್ಷಣೆ.

ಇಂತಹ ರೋಬಾಟಿಗೆ ಕುಳಿತುಕೊಳ್ಳಲು ಒಂದು ಮೇಜು ಬೇಕಾಗುತ್ತದೆ. ಪರದೆಯನ್ನು ನೋಡಿ ಕೆಲಸ ಮಾಡುವುದರಿಂದ ಅದಕ್ಕೆ ತನ್ನದೇ ಪರದೆ ಬೇಕು. ಪರದೆಗೆ ಬೀಗ ಬಿದ್ದರೆ ಅಥವಾ ಅದರ ಅಳತೆ ಬದಲಾದರೆ ಕೆಲಸ ಕೆಡುವುದುಂಟು. ಮನುಷ್ಯರಿರುವ ಮೇಜಿನ ಗಣಕದಲ್ಲಿ ಅದನ್ನು ನಡೆಸಿದರೆ ಮನುಷ್ಯನಿಗೂ ತೊಂದರೆ, ಅದಕ್ಕೂ ತೊಂದರೆ. ನಿಜವಾದ ಗಣಕಗಳನ್ನು ಕೊಂಡು ಖಾಲಿ ಕೋಣೆಯಲ್ಲಿ ಸಾಲಾಗಿ ಇಡುವುದು ವ್ಯರ್ಥವ್ಯಯ. ಆದುದರಿಂದ ಒಂದು ರೋಬಾಟಿಗೆ ಒಂದು ಕಲ್ಪಿತ ಯಂತ್ರ ಎಂಬ ಏರ್ಪಾಡು ಸಹಜವಾಗಿ ರೂಢಿಗೆ ಬಂದಿತು. ಬೇಕಾದ ತಂತ್ರಾಂಶಗಳನ್ನೆಲ್ಲ ಒಮ್ಮೆ ಅಳವಡಿಸಿದ ಒಂದು ಮೂಲಪ್ರತಿಯನ್ನು ಸಿದ್ಧಮಾಡಿಟ್ಟು, ಕೆಲಸ ಹೆಚ್ಚಿದಾಗ ಅದರಿಂದ ಹೊಸ ಯಂತ್ರಗಳನ್ನು ಎತ್ತುತ್ತಾರೆ; ಕೆಲಸ ತೀರಿದ ಮೇಲೆ ಅಳಿಸುತ್ತಾರೆ. ಮಾಡಬೇಕಾದ ಕೆಲಸಗಳೆಲ್ಲ ಒಂದು ಸರದಿಯಲ್ಲಿ ನಿಲ್ಲುತ್ತವೆ. ಒಂದು ಯಂತ್ರವು ಎತ್ತಿಕೊಂಡ ಕೆಲಸವು ಇನ್ನೊಂದಕ್ಕೆ ಸಿಕ್ಕದಂತೆ ಅದಕ್ಕೆ ಗುರುತು ಹಾಕುವುದರಿಂದ ಒಂದೇ ಬಿಲ್ಲು ಎರಡು ಸಲ ಪಾವತಿಯಾಗುವುದು ತಪ್ಪುತ್ತದೆ. ಇಷ್ಟಿದ್ದರೂ ಯಂತ್ರಗಳನ್ನು ಇಮ್ಮಡಿಗೊಳಿಸಿದರೆ ಕೆಲಸವೂ ಇಮ್ಮಡಿಯಾಗುವುದೆಂದು ತಿಳಿಯಲಾಗದು. ಎಲ್ಲ ರೋಬಾಟುಗಳೂ ಕೊನೆಗೆ ಬಾಗಿಲು ತಟ್ಟುವುದು ಒಂದೇ ಹಳೆಯ ವ್ಯವಸ್ಥೆಯನ್ನು. ಅದು ಎಷ್ಟು ಕೈಗಳಿಗೆ ಉತ್ತರ ಕೊಡಬಲ್ಲುದೋ ಅಷ್ಟೇ ಈ ವಿಸ್ತಾರದ ಮಿತಿ.

ಈ ಪದ್ಧತಿಯ ಪ್ರಮಾಣವನ್ನು ತಿಳಿಯಲು ಒಂದು ನಿದರ್ಶನವನ್ನು ನೋಡಬಹುದು. ಇಂಗ್ಲೆಂಡಿನ ಟೆಲಿಫೋನಿಕ ಓ೨ ಎಂಬ ದೂರವಾಣಿ ಸಂಸ್ಥೆಯನ್ನು ಕುರಿತು ಮೇರಿ ಲ್ಯಾಸಿಟಿ, ಲೆಸ್ಲಿ ವಿಲ್ಕಾಕ್ಸ್ ಮೊದಲಾದವರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವರ್ಷದ ಏಪ್ರಿಲ್ ವೇಳೆಗೆ ಅಲ್ಲಿ ೧೬೦ಕ್ಕೂ ಹೆಚ್ಚು ರೋಬಾಟುಗಳು ತಿಂಗಳಿಗೆ ೪ರಿಂದ ೫ ಲಕ್ಷ ವ್ಯವಹಾರಗಳನ್ನು ನಡೆಸುತ್ತಿದ್ದವು. ಸಿಮ್ ಬದಲಾವಣೆಯಂತಹ ಸಾಮಾನ್ಯ ಕೋರಿಕೆಗಳಿಂದ ಈ ಕಾರ್ಯ ಮೊದಲಾಗಿತ್ತು.

ಇಲ್ಲಿ ಒಂದು ಚಾರಿತ್ರಿಕ ವಿಪರ್ಯಾಸವನ್ನು ಕಾಣುತ್ತೇವೆ. ೧೯೬೭ರಲ್ಲಿ ಕಲ್ಪಿತ ಯಂತ್ರವನ್ನು ನಿರ್ಮಿಸಿದುದು ಮನುಷ್ಯನಿಗೆ ಇಡೀ ಯಂತ್ರವು ತನ್ನದೆಂಬ ಭಾವವನ್ನುಂಟುಮಾಡಲು. ಈಗ ಅದರ ಮುಂದೆ ಕುಳಿತಿರುವವನು ಕಲ್ಪಿತ ಗುಮಾಸ್ತ.

೫. ಪ್ರತಿಗಳ ಗುಣದೋಷ

ನಕಲು ಮಾಡುವ ಶಕ್ತಿಯು ಇಬ್ಬಗೆಯ ಅಪಾಯವನ್ನು ಒಳಗೊಂಡಿದೆ. ಪ್ರತಿಗಳಲ್ಲಿ ಒಂದು ಭಿನ್ನವಾದರೆ ಕೇಡು. ಎಲ್ಲವೂ ಒಂದೇ ದೋಷದಿಂದ ಕೂಡಿದ್ದರೂ ಕೇಡು. ಎರಡಕ್ಕೂ ನಿದರ್ಶನಗಳುಂಟು.

೨೦೧೨ರ ಆಗಸ್ಟ್ ೧ರ ಹೊತ್ತಿಗೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಯಲ್ಲಿ ಹೊಸ ಆದೇಶಸಮೂಹವನ್ನು ೮ ಸರ್ವರುಗಳಲ್ಲಿ ಅಳವಡಿಸಬೇಕಾಗಿತ್ತು. ಅದನ್ನು ಕೈಯಿಂದ ನಕಲು ಮಾಡಿದಾಗ ೭ಕ್ಕೆ ಅದು ಮುಟ್ಟಿತು, ಒಂದು ಬಿಟ್ಟುಹೋಯಿತು. ಆ ಒಂದರಲ್ಲಿ ಬಹುಕಾಲದಿಂದ ಬಳಕೆಯಲ್ಲಿಲ್ಲದ ಹಳೆಯ ಆದೇಶಗಳು ಎಚ್ಚತ್ತು, ಗಿರಾಕಿಗಳ ೨೧೨ ಬೇಡಿಕೆಗಳಿಗೆ ಪ್ರತಿಯಾಗಿ ಸುಮಾರು ೪೫ ನಿಮಿಷಗಳಲ್ಲಿ ೪೦ ಲಕ್ಷಕ್ಕೂ ಹೆಚ್ಚು ವ್ಯವಹಾರಗಳನ್ನು ನಡೆಸಿಬಿಟ್ಟವು. ನಷ್ಟವು ೪೬ ಕೋಟಿ ಡಾಲರಿಗೂ ಮಿಗಿಲೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗವು ೨೦೧೩ರಲ್ಲಿ ನಿರ್ಣಯಿಸಿತು. ಎಲ್ಲ ಯಂತ್ರಗಳನ್ನೂ ಒಂದೇ ಮೂಲಪ್ರತಿಯಿಂದ ಎತ್ತುವ ಕ್ರಮವು ಇಂತಹ ಮರೆವಿಗೆ ಮದ್ದು.

ಆದರೆ ಮದ್ದೇ ವಿಷವಾಗುವ ಸಂದರ್ಭವೂ ಉಂಟು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣವು ಏಕಕಾಲದಲ್ಲಿ ಎಲ್ಲೆಡೆಗೂ ಹರಡಿ, ಮೈಕ್ರೊಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಕಲ್ಪಿತ ಯಂತ್ರಗಳೂ ಅವುಗಳಲ್ಲಿ ಸೇರಿದ್ದವು. ಅವುಗಳ ದುರಸ್ತಿಗೆ ಕಲ್ಪಿತ ಯಂತ್ರದ ಗುಣವೇ ನೆರವಾಯಿತೆಂಬುದು ನಿಜ: ಹಿಂದಿನ ಸ್ಥಿತಿಯ ಪ್ರತಿಗೆ ಮರಳಿಸುವುದು, ಕೆಟ್ಟ ಯಂತ್ರದ ಡಿಸ್ಕನ್ನು ಇನ್ನೊಂದು ಕಲ್ಪಿತ ಯಂತ್ರಕ್ಕೆ ಜೋಡಿಸಿ ಸರಿಪಡಿಸುವುದು ಸಾಧ್ಯವಾಯಿತು. ಆದರೆ ಆ ದಿನ ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಲೇಖನಿ ಹಿಡಿದು ಬರೆಯಬಲ್ಲವರು ಅಲ್ಲಿದ್ದುದರಿಂದ ವಿಮಾನಗಳು ಹೊರಟವೆಂಬುದನ್ನು ಮರೆಯಬಾರದು.

೬. ಉಪಸಂಹಾರ

ಈ ವಿವೇಚನೆಯು ನಮ್ಮ ನಾಡಿಗೆ ಹೊರಗಿನದಲ್ಲ. ಪರದೇಶದ ಸಂಸ್ಥೆಗಳ ಕಚೇರಿಯ ಕೆಲಸವನ್ನು ದೂರದಿಂದ ಮಾಡಿಕೊಡುವುದು ಬೆಂಗಳೂರಿನ ಸಾವಿರಾರು ಕುಟುಂಬಗಳ ಜೀವನೋಪಾಯ. ಇಲ್ಲಿನ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮೊದಲ ಉದ್ಯೋಗವೂ ಅದೇ. ರೋಬಾಟುಗಳು ಎತ್ತಿಕೊಳ್ಳುತ್ತಿರುವುದು ಆ ಬಗೆಯ ಕೆಲಸವನ್ನು, ಅವನ್ನು ಕಟ್ಟಿ ನಡೆಸುವ ಕೆಲಸವೂ ಬಹುಮಟ್ಟಿಗೆ ಇಲ್ಲಿಯೇ ನಡೆಯುತ್ತಿದೆ.

೧೯೮೩ರಲ್ಲಿ ಭಾರತದ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಗಣಕೀಕರಣವನ್ನು ಕುರಿತು ಒಪ್ಪಂದವಾಯಿತು. ಯಾವ ಬಗೆಯ ಯಂತ್ರಗಳನ್ನು ಎಲ್ಲಿ ಹೂಡಬಹುದೆಂಬುದಕ್ಕೆ ಅದು ಮಿತಿಗಳನ್ನು ಗೊತ್ತುಮಾಡಿತು. ಆ ಮಿತಿಗಳು ಸರಿಯಾಗಿದ್ದುವೇ ಎಂಬುದು ಬೇರೆ ಚರ್ಚೆ. ಯಂತ್ರಗಳು ಕಣ್ಣಿಗೆ ಕಾಣುತ್ತಿದ್ದವು, ಎಣಿಕೆಗೆ ಸಿಕ್ಕುತ್ತಿದ್ದವು, ಆದುದರಿಂದ ಅವುಗಳ ವಿಷಯದಲ್ಲಿ ಮಾತುಕತೆ ನಡೆಸಲು ಸಾಧ್ಯವಿತ್ತು ಎಂಬುದು ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದ ಅಂಶ. ಇಂದು ರಾತ್ರಿ ನೂರು ಕಲ್ಪಿತ ಯಂತ್ರಗಳು ಎದ್ದು, ನೂರು ಕಲ್ಪಿತ ಗುಮಾಸ್ತರನ್ನು ಕೂರಿಸಿಕೊಂಡು, ಬೆಳಗಾಗುವುದರೊಳಗೆ ಅಳಿದುಹೋಗಬಹುದು. ಕಚೇರಿಯ ಬಾಗಿಲಲ್ಲಿ ಯಾವ ಪೆಟ್ಟಿಗೆಯೂ ಇಳಿಯುವುದಿಲ್ಲ. ಯಾವ ಕುರ್ಚಿಯೂ ಸದ್ದು ಮಾಡುವುದಿಲ್ಲ.

ಹೀಗಿರಲು ಕೇಮಿನರ್ ಅವರ ಪ್ರಶ್ನೆಯು ಹಿಂದೆಂದಿಗಿಂತ ಹೆಚ್ಚು ಪ್ರಸ್ತುತವಾಗಿದೆ: ತಪ್ಪಾದರೆ ಯಾರು ಹಿಡಿಯುತ್ತಾರೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಎರಡು ಏರ್ಪಾಡುಗಳು ಅವಶ್ಯ. ಮೊದಲನೆಯದಾಗಿ, ಯಂತ್ರವು ಅಳಿದರೂ ಅದು ಮಾಡಿದ ಕೆಲಸದ ದಿನಚರಿಯು, ಯಾವ ಮೂಲಪ್ರತಿಯಿಂದ ಎದ್ದು ಯಾರ ಅಧಿಕಾರದಿಂದ ಯಾವ ಬಿಲ್ಲನ್ನು ಪಾವತಿ ಮಾಡಿತೆಂಬ ವಿವರದೊಡನೆ, ಅಳಿಯದೆ ಉಳಿಯಬೇಕು. ಎರಡನೆಯದಾಗಿ, ಆ ಕಾರ್ಯವನ್ನು ಕೈಯಾರೆ ಮಾಡಬಲ್ಲ, ಆ ದಿನಚರಿಯನ್ನು ಓದಿ ತಪ್ಪನ್ನು ಗುರುತಿಸಬಲ್ಲ ಕೆಲವರಾದರೂ ಸಂಸ್ಥೆಯಲ್ಲಿ ಇರಬೇಕು. ಲಿಯೋ ಯಂತ್ರದ ಇತಿಹಾಸವನ್ನು ನಾವು ಬರೆಯಬಲ್ಲೆವು. ಏಕೆಂದರೆ ಅದನ್ನು ನಡೆಸಿದವರು ಕಾಗದಪತ್ರಗಳನ್ನೂ ನೆನಪುಗಳನ್ನೂ ಬಿಟ್ಟುಹೋದರು. ಇಂದಿನ ಕಚೇರಿಯ ಇತಿಹಾಸವನ್ನು ಮುಂದಿನವರು ಬರೆಯಬೇಕಾದರೆ ಅವರಿಗೆ ಶಾಸನವೂ ಕಡತವೂ ಎಲ್ಲವೂ ಈ ದಿನಚರಿಗಳೇ. ಅವನ್ನು ಕಾಪಾಡುವುದು ಲೆಕ್ಕಪರಿಶೋಧಕನ ಕರ್ತವ್ಯವಾದಷ್ಟೇ ಇತಿಹಾಸಕಾರನ ಹಿತವೂ ಆಗಿದೆ.